ಕೆಂಪು ಮಂಡಿಯ ಮಕ್ಕಳು

ಜೇಡ ಸಾಕುವವರ ಬಳಗಕ್ಕೆ ಸೇರಿದ ಮೊದಲ ವರ್ಷ ಜೇಡಗಳ ಬಗ್ಗೆ ಕಲಿತದ್ದಕ್ಕಿಂತ ನಾನು ಟೀ ಲೋಟ ತೊಳೆದದ್ದೇ ಹೆಚ್ಚು. ನಮ್ಮಲ್ಲಿ ಕಾನೂನು ಹಾಗಿದೆ. ಸಭೆಯಲ್ಲಿ ಯಾರೇ ಆಗಲಿ ಟರಂಟುಲಾ ಜೇಡದ ಶಾಸ್ತ್ರದ ಹೆಸರು ಬಿಟ್ಟು ಬೀದಿ ಹೆಸರು ಹಿಡಿದು ಮಾತಾಡಿದರೆ, ಅಲ್ಲಿದ್ದವರಿಗೆಲ್ಲ ಟೀ ಮಾಡಿ ಕೊಟ್ಟು ಲೋಟವನ್ನೂ ತೊಳೆದಿಡಬೇಕು. 'ಕೆಂಪು ಮಂಡಿ' ಅಂದೆಯೋ, ಟೀ. 'ಗುಂಗುರು ಕೂದಲಿನದು' ಅಂದೆಯೋ, ಟೀ. ಬಾಯಿ ಮುಚ್ಚಿಕೊಂಡು ಕೂತರೆ ಬಚಾವಾಗಬಹುದಿತ್ತು. ಆದರೆ ಬಾಯಿ ಮುಚ್ಚಿಕೊಂಡು ಕೂರುವುದು ನಮ್ಮ ವಂಶದಲ್ಲೇ ಇಲ್ಲ.

ಕಾನೂನು ಮಾಡಿದವರು ಬಳಗದ ಅಧ್ಯಕ್ಷ ಹೆನ್ನಿ ಟೆರ್‌ಬ್ಲಾಂಷ್. ಕೇಪ್‌ಟೌನಿನ ಪಾರೋ ಬಡಾವಣೆಯಲ್ಲಿ ಬೀಗ ರಿಪೇರಿ ಅಂಗಡಿ ನಡೆಸಿ ನಿವೃತ್ತರಾದ ಬಿಳಿ ಮುದುಕ. ಎಲ್ಲರಿಗೂ ಹೆನ್ನಿ ಮಾಮ. ಬಳಗ ಹುಟ್ಟಿದಾಗಿನಿಂದ ಅವರು ಒಂದೇ ಒಂದು ಸಲವೂ ಟೀ ಮಾಡಿದವರಲ್ಲ. "ಹೆಸರು ಬರದೇ ಇರೋನು ಸಾಕಬಾರ್ದು" ಎನ್ನುವುದು ಅವರ ಮಾತು. "ಕೆಂಪು ಮಂಡಿ ಅಂತ ಊರೆಲ್ಲಾ ಕರೀತಾರೆ. ಯಾವ ಕೆಂಪು ಮಂಡಿ? ಎಲ್ಲೀದು? ಯಾರ ಮಗಳು? ವಿಳಾಸ ಬರೀದೆ ಕಾಗದ ಡಬ್ಬಿಗೆ ಹಾಕಿದ ಹಾಗೆ."

ನನ್ನ ಹೆಸರು ವಾಲ್ಡಾ ಅರೆಂಡ್ಸೆ. ಕೇಪ್‌ಟೌನಿನ ಅಥ್ಲೋನ್‌ನಲ್ಲಿ ನನ್ನದೊಂದು ಸಲೂನು ಇದೆ. ಹೆಂಗಸರ ಕೂದಲು ತೊಳೆಯುತ್ತೇನೆ, ಕತ್ತರಿಸುತ್ತೇನೆ, ಬಣ್ಣ ಹಚ್ಚುತ್ತೇನೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ನನ್ನ ಅಮ್ಮ ಕೂತಿರುತ್ತಾಳೆ. ಬಂದವರನ್ನು ಮಾತಾಡಿಸುವುದು, ಹೋಗುವವರನ್ನು ಆಡಿಕೊಳ್ಳುವುದು ಅವಳ ಕೆಲಸ. ಒಂದು ವಿಚಿತ್ರ ಮಾತ್ರ ಉಂಟು. ಯಾರಾದರೂ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಒಳಗೆ ಬಂದರೆ ತೆಗೆಸಿಬಿಡುತ್ತಾಳೆ. ಗಿರಾಕಿಗಳ ಸಮಯ ಬರೆದುಕೊಳ್ಳಲೂ ಪೆನ್ನೇ ಆಗಬೇಕು. ಕೇಳಿದರೆ "ನಂಗಾಗಲ್ಲ, ಅಷ್ಟೇ" ಅನ್ನುತ್ತಾಳೆ.

ಜೇಡದ ಹುಚ್ಚು ಹಿಡಿಸಿದವನು ಇಘ್ಸಾನ್ ಸಾಲಿ. ನಮ್ಮ ಬೀದಿಯವನೇ, ಟ್ಯಾಕ್ಸಿ ವ್ಯಾನುಗಳ ಮಾಲೀಕ, ನನಗಿಂತ ಮೊದಲೇ ಬಳಗದಲ್ಲಿದ್ದವನು, ನನ್ನ ತಮ್ಮನ ವಯಸ್ಸಿನವನು. ಒಂದು ದಿನ ನನ್ನನ್ನು ಹೆದರಿಸೋಣ ಅಂತ ಡಬ್ಬಿಯಲ್ಲಿ ಅಂಗೈಯಗಲದ ಜೇಡ ಹಿಡಿದುಕೊಂಡು ಸಲೂನಿಗೆ ಬಂದ. ಗಿರಾಕಿಗಳು ತಲೆಗೆ ಸುತ್ತಿದ ಟವಲಿನ ಸಮೇತ ಬೀದಿಗೆ ಓಡಿದರು. ನಾನು ಡಬ್ಬಿ ಕಿತ್ತುಕೊಂಡು ನೋಡಿದೆ. ಕಪ್ಪು ಮೈ, ಮಂಡಿಯ ಮೇಲೆ ಬೆಂಕಿಯ ಬಣ್ಣ, ಮೈತುಂಬ ಬಾಚಿಟ್ಟ ಹಾಗೆ ಕೂದಲು. ಇಷ್ಟು ನೀಟಾದ ತಲೆ ನನ್ನ ಸಲೂನಿನಲ್ಲಿ ಒಂದೂ ಇರಲಿಲ್ಲ. ಇಘ್ಸಾನ್ ಮೂರು ದಿನ ಬಂದು ಕೇಳಿದ, ನಾನು ವಾಪಸ್ ಕೊಡಲಿಲ್ಲ. ಆ ಹೆಣ್ಣೇ ಈ ಕಥೆಯ ತಾಯಿ.

ಹೆಸರು ಕಲಿಯುವುದಕ್ಕೆ ಪುಸ್ತಕ ಹಿಡಿದೆ. ಎರಡು ಸಾಲು ಓದುವಷ್ಟರಲ್ಲಿ ತೂಕಡಿಕೆ. ನನ್ನ ನೆನಪೆಲ್ಲ ಬೆರಳಲ್ಲಿದೆ. ಕಣ್ಣು ಮುಚ್ಚಿ ಯಾರ ತಲೆ ಮುಟ್ಟಿದರೂ ಇಂಥವರದು ಅಂತ ಹೇಳಬಲ್ಲೆ. ಹಾಗಾಗಿ ಒಂದೊಂದು ಹೆಸರನ್ನು ಒಂದೊಂದು ತಲೆಗೆ ಕಟ್ಟಿದೆ. ಮಿಸೆಸ್ ಜಾಫ್ತಾರ ಹಟಮಾರಿ ಗುಂಗುರಿಗೆ ಟ್ಲಿಲ್ಟೋಕಾಟ್ಲ್ ಆಲ್ಬೊಪಿಲೋಸಸ್. ಶಾಲೆಯ ಮೇಡಂ ಒಬ್ಬರ ಕಡುಗಪ್ಪು ಜಡೆಗೆ ಗ್ರಾಮೊಸ್ಟೋಲಾ ಪುಲ್ಕ್ರಾ. ತಿಂಗಳಿಗೊಂದು ಬಣ್ಣ ಹಾಕಿಸುವ ಶಾರ್ನೆ ಅನ್ನುವ ಹುಡುಗಿಗೆ ಕ್ಯಾರಿಬೆನಾ ವರ್ಸಿಕಲರ್. ಶ್ಯಾಂಪೂ ಹಾಕಿ ಉಜ್ಜುವಾಗ ಬೆರಳು ತಾಳ ಹಾಕುತ್ತಿತ್ತು, ಬಾಯಿ ಹೆಸರು ಹೇಳುತ್ತಿತ್ತು.

"ಏನೇ ಅದು, ನನ್ನ ತಲೆ ಮೇಲೆ ಯಾವ ಮಂತ್ರ ಹಾಕ್ತಿದ್ದೀಯ?" ಮಿಸೆಸ್ ಜಾಫ್ತಾ ಒಮ್ಮೆ ಕೇಳಿದರು.

"ನಿಮ್ಮ ಹೆಸರೇ ಮಿಸೆಸ್ ಜಾಫ್ತಾ. ಬಿಳಿ ಕೂದಲಿನವಳು ಅಂತ ಅದರರ್ಥ."

"ಬಣ್ಣ ಹಚ್ಚು ಅಂತ ದುಡ್ಡು ಕೊಡೋಳು ನಾನು. ಬಿಳಿ ಅಂತೀಯಲ್ಲೇ ಬಾಯಲ್ಲಿ!"

ಎರಡನೆಯ ವರ್ಷದ ಬಳಗದ ಹಬ್ಬದಲ್ಲಿ ನನ್ನ ಜೇಡಗಳ ಹೆಸರನ್ನೆಲ್ಲ ತಡವರಿಸದೆ ಹೇಳಿದೆ. ಅದು ನಮ್ಮ ಪದ್ಧತಿ. ಹಬ್ಬದ ದಿನ ಬಾಗಿಲು ತೆರೆದು ಊರ ಜನರನ್ನು ಒಳಗೆ ಬಿಡುವ ಮೊದಲು ಪ್ರತಿಯೊಬ್ಬರೂ ತಮ್ಮ ಮೇಜಿನ ಮುಂದೆ ನಿಂತು, ಚೀಟಿ ನೋಡದೆ, ತಾವು ತಂದ ಅಷ್ಟೂ ಜೇಡಗಳ ಹೆಸರು ಹೇಳಬೇಕು. ನಾನು ಮುಗಿಸಿದಾಗ ಹೆನ್ನಿ ಮಾಮ ಟೋಪಿ ತೆಗೆದು ನನ್ನ ಕೈ ಕುಲುಕಿದರು. ಆ ಕೈ ಕುಲುಕಿದ್ದು ನನಗೆ ಇವತ್ತಿಗೂ ಇಷ್ಟ. ಆಮೇಲೆ ಏನೇ ನಡೆದಿರಲಿ, ಅದನ್ನು ಮುಚ್ಚಿಡುವುದಿಲ್ಲ.

ಈ ಹೆಸರುಗಳ ಒಂದು ಕೇಡೆಂದರೆ ಅವು ಇದ್ದಲ್ಲಿ ಇರುವುದಿಲ್ಲ. ನಾವು ತಲೆ ಉಜ್ಜಿ ಉಜ್ಜಿ ಕಲಿತದ್ದನ್ನು ಎಲ್ಲಿಯೋ ಕೂತ ಪಂಡಿತರು ಒಂದು ಬೆಳಿಗ್ಗೆ ಬದಲಾಯಿಸಿಬಿಡುತ್ತಾರೆ. ಶಾರ್ನೆಯ ಜೇಡ ಮೊದಲು ಅವಿಕ್ಯುಲೇರಿಯಾ ಆಗಿತ್ತು. ಕೆಂಪು ಮಂಡಿಗೂ ಅದೇ ಗತಿ ಬಂತು. ಜಗತ್ತಿನ ಸಾಕುವವರೆಲ್ಲ ಬ್ರಾಕಿಪೆಲ್ಮಾ ಸ್ಮಿತಿಯೈ ಅಂತ ಕರೆಯುತ್ತಿದ್ದ ಜೇಡ ನಿಜಕ್ಕೂ ಬ್ರಾಕಿಪೆಲ್ಮಾ ಹಮೋರಿಯೈ ಅಂತೆ. ನಿಜವಾದ ಸ್ಮಿತಿಯೈ ಬೇರೆಯೇ ಇದೆಯಂತೆ, ಬಲು ಅಪರೂಪವಂತೆ. ನೋಡಲು ಎರಡೂ ಅಕ್ಕ ತಂಗಿಯರ ಹಾಗೆ. ಆ ಸುದ್ದಿ ಬಂದ ಶನಿವಾರ ಬಳಗದವರೆಲ್ಲ ದಪ್ಪ ಮಾರ್ಕರ್ ಪೆನ್ನು ಹಿಡಿದು ತಂತಮ್ಮ ಡಬ್ಬಿಗಳ ಮೇಲಿನ ಸ್ಮಿತಿಯೈ ಹೊಡೆದುಹಾಕಿ ಹಮೋರಿಯೈ ಬರೆದೆವು. ಅಷ್ಟು ಖುಷಿಯಿಂದ ತಪ್ಪು ತಿದ್ದಿಕೊಳ್ಳುವ ಜನ ನಮ್ಮನ್ನು ಬಿಟ್ಟರೆ ಇನ್ನೆಲ್ಲೂ ಇರಲಿಕ್ಕಿಲ್ಲ.

ಕೆಲವು ವರ್ಷ ಕಳೆದು ನನ್ನ ಹೆಣ್ಣು ಬಲಿತಿತ್ತು. ಹೆನ್ನಿ ಮಾಮನ ಹತ್ತಿರ ಆಗಷ್ಟೇ ಬಲಿತ ಗಂಡೊಂದಿತ್ತು. ಹೆಣ್ಣಿದ್ದವರಿಗೆ ಗಂಡನ್ನು ಎರವಲು ಕೊಡುವುದು ನಮ್ಮಲ್ಲಿ ರೂಢಿ. ಹುಟ್ಟಿದ ಮರಿಗಳಲ್ಲಿ ಅರ್ಧ ಹೆಣ್ಣಿನವರದು, ಅರ್ಧ ಗಂಡಿನವರದು. ಅದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಮಾತು ತಪ್ಪಿದವರು ಇದುವರೆಗೆ ಯಾರೂ ಇಲ್ಲ.

ಭಾನುವಾರ ಸಲೂನು ಮುಚ್ಚಿದ್ದಾಗ ಮಾಮ ಗಂಡನ್ನು ತಂದರು. ಡ್ರೈಯರ್ ಕುರ್ಚಿಯಲ್ಲಿ ಅಮ್ಮ, ಕೈಯಲ್ಲಿ ಸ್ಕೇಲು ಹಿಡಿದು ಮಾಮ, ಕನ್ನಡಿಯ ಮುಂದೆ ಹೆಣ್ಣಿನ ಪೆಟ್ಟಿಗೆ. ಹೆಣ್ಣು ಮುನಿದರೆ ಗಂಡನ್ನು ತಿಂದೇಬಿಡುತ್ತದೆ, ನಡುವೆ ಸ್ಕೇಲು ಹಾಕಿ ಬಿಡಿಸಬೇಕು. ಗಂಡು ಬಾಗಿಲಲ್ಲೇ ನಿಂತು ಮುಂಗಾಲಿನಿಂದ ನೆಲ ತಟ್ಟಿತು. ನಿಂತಿತು, ಮತ್ತೆ ತಟ್ಟಿತು.

"ನೋಡೇ, ಬಾಗಿಲು ತಟ್ಟಿ ಬರ್ತಿದ್ದಾನೆ," ಅಂದಳು ಅಮ್ಮ. "ನಿಮ್ಮಪ್ಪನಿಗೆ ಅಷ್ಟೂ ನಾಜೂಕಿರ್ಲಿಲ್ಲ."

ಹೆನ್ನಿ ಮಾಮ ಕೆಂಪಾದರು. ಗಂಡು ಬದುಕಿ ಹೊರಗೆ ಬಂತು. ತಿಂಗಳುಗಳ ಮೇಲೆ ನನ್ನ ಹೆಣ್ಣು ಬಿಳಿ ರೇಷ್ಮೆಯ ಉಂಡೆ ಕಟ್ಟಿ ತಬ್ಬಿಕೊಂಡು ಕೂತಿತು. ಉಂಡೆ ಒಡೆದಾಗ ಕೊತ್ತಂಬರಿ ಕಾಳಿನಷ್ಟಿದ್ದ ನೂರಾರು ಮರಿಗಳು. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಬಣ್ಣ ಕಲಸುವ ಪುಟ್ಟ ಬಟ್ಟಲುಗಳಿಗೆ ಮುಚ್ಚಳ ಹಾಕಿ, ತೂತು ಕೊರೆದು, ಒಂದೊಂದಕ್ಕೂ ಒಂದೊಂದು ಮನೆ ಮಾಡಿದೆ. ಕಪಾಟು, ಕಿಟಕಿ, ಟವಲು ಇಡುವ ಜಾಗ, ಎಲ್ಲ ಕಡೆ ಅವೇ. ನಮ್ಮ ಬಳಗದಲ್ಲಿ ಕೆಂಪು ಮಂಡಿಗೆ ಮರಿಯಾದದ್ದು ಅದೇ ಮೊದಲು. ಮುಂದಿನ ಹಬ್ಬದಲ್ಲಿ ನನ್ನ ಮೇಜೇ ನಡುಮಧ್ಯೆ ಅಂತ ಮಾಮ ಸಾರಿಬಿಟ್ಟರು. ಬಳಗದವರೆಲ್ಲ ನಂಗೊಂದು ನಿಂಗೊಂದು ಅಂತ ಮುಂಗಡ ಹೇಳಿಟ್ಟರು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಒಂದು ಗುರುವಾರ ಹೆನ್ನಿ ಮಾಮ ಹೇಳದೆ ಕೇಳದೆ ಸಲೂನಿಗೆ ಬಂದರು. ಟೋಪಿ ಕೈಯಲ್ಲಿತ್ತು.

"ವಾಲ್ಡಾ, ಬಾಗಿಲು ಸ್ವಲ್ಪ ಹಾಕ್ತೀಯಾ?"

"ಮಿಸೆಸ್ ಜಾಫ್ತಾ ಡ್ರೈಯರ್ ಕೆಳಗಿದ್ದಾರೆ ಮಾಮ, ಬಾಂಬ್ ಬಿದ್ರೂ ಕೇಳ್ಸಲ್ಲ. ಅಮ್ಮನ ಕಿವಿ ಮೊದ್ಲೇ ಮಂದ. ಹೇಳಿ."

"ಗಂಡು ಸತ್ತುಹೋಯ್ತು."

"ಅಯ್ಯೋ. ವಯಸ್ಸಾಗಿತ್ತಲ್ಲ ಬಿಡಿ."

"ಅದಲ್ಲ. ಸತ್ತ ಮೇಲೆ ಬೀಗ ರಿಪೇರಿಯ ಭೂತಗನ್ನಡಿ ಹಿಡಿದು ಅದರ ಮುಂದಿನ ಕೈ ನೋಡ್ದೆ. ಹಮೋರಿಯೈದು ಹಾಗಿರಲ್ಲ. ಮಾರಿದವನಿಗೆ ಫೋನ್ ಮಾಡ್ದೆ. ಹೆಸರು ಬದಲಾದ ಸುದ್ದಿ ನಮಗಿಂತ ಮೊದ್ಲೇ ಅವನಿಗೆ ಗೊತ್ತಿತ್ತಂತೆ, ಕೊಡೋವಾಗ್ಲೇ ಹೊಸ ಲೆಕ್ಕದಲ್ಲಿ ಸರಿಯಾಗೇ ಬರ್ದು ಕೊಟ್ಟಿದ್ನಂತೆ, ಸ್ಮಿತಿಯೈ ಅಂತ. ನಿಜವಾದ ಸ್ಮಿತಿಯೈ."

ನನಗೆ ಅರ್ಥವಾಯಿತು. ಮಾರ್ಕರ್ ಹಿಡಿದ ಆ ಶನಿವಾರ ಮಾಮ ಮನೆಗೆ ಹೋಗಿ ತಮ್ಮ ಕಪಾಟಿನಲ್ಲಿದ್ದ ಸ್ಮಿತಿಯೈಗಳನ್ನೆಲ್ಲ ಒಂದೇ ಕಡೆಯಿಂದ ಹೊಡೆದುಹಾಕಿದ್ದರು. ಮೊದಲೇ ಸರಿಯಿದ್ದ ಒಂದು ಡಬ್ಬಿಯನ್ನೂ ಇನ್ನೊಮ್ಮೆ ಸರಿ ಮಾಡಿದ್ದರು.

"ತಪ್ಪು ನಂದು," ಅಂದರು. "ಎಲ್ರ ಮುಂದೇನೂ ಒಪ್ಕೋತೀನಿ. ಆದ್ರೆ ಮರಿಗಳು ಬೆರಕೆ ವಾಲ್ಡಾ. ಫ್ರೀಜರ್‌ಗೆ ಇಟ್ಬಿಡು. ನೋವಾಗಲ್ಲ, ನಿದ್ದೆ ಬಂದ ಹಾಗೆ ಹೋಗ್ತವೆ."

"ಎಲ್ಲಾನಾ?"

"ಎಲ್ಲಾನೂ."

"ನೀವು ಪೆನ್ನು ಓಡ್ಸಿದ್ದಕ್ಕೆ ಇವು ಸಾಯ್ಬೇಕಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ್ರೆ ಇದೇ ಮಾಮ."

"ನಿಯಮ ನಿಂಗೂ ಗೊತ್ತು. ಬೆರಕೆ ಒಂದು ಸಲ ಕೈ ದಾಟಿದ್ರೆ ಮುಗೀತು. ನಾಳೆ ಯಾರ ಮನೇಲಿ ಏನಿದೆ ಅಂತ ದೇವ್ರಿಗೂ ಗೊತ್ತಾಗಲ್ಲ. ಕಾಡಲ್ಲಿ ಅವು ಎಷ್ಟು ಉಳ್ದಿವೆ ಹೇಳು? ಮತ್ತೆ..." ಅವರು ಕಿಟಕಿಯ ಮೇಲಿನ ಬಟ್ಟಲುಗಳನ್ನು ನೋಡಿದರು. "ಮತ್ತೆ ಅವಕ್ಕೆ ಹೆಸರೇ ಇಲ್ಲ. ಹೆಸರೇ ಇಲ್ಲದ್ದನ್ನ ಇಟ್ಕೊಂಡು ಏನ್ಮಾಡ್ತೀಯ?"

ನಿಯಮದಲ್ಲಿ ತಪ್ಪಿಲ್ಲ. ಅದನ್ನು ನಾನು ಅವತ್ತೂ ಒಪ್ಪಿದ್ದೆ, ಇವತ್ತೂ ಒಪ್ಪುತ್ತೇನೆ. ಬೆರಸಿದ್ದನ್ನು ಮಾರಬಾರದು, ಹಂಚಬಾರದು, ಮರಿ ಮಾಡಿಸಬಾರದು. ಆದರೆ ಬೆರಕೆ ಅನ್ನುವ ಆ ಮಾತು ಇದೆಯಲ್ಲ, ಅದನ್ನು ನಾನು ಜೇಡಗಳಿಗೆ ಹೇಳಿದ್ದನ್ನು ಕೇಳುವ ಎಷ್ಟೋ ವರ್ಷ ಮೊದಲು ನನಗೇ ಹೇಳಿದ್ದನ್ನು ಕೇಳಿದ್ದೆ. ಬಿಳಿಯರ, ಕರಿಯರ ರಕ್ತ ಬೆರೆತವರು ಅಂತ ಸರ್ಕಾರ ಕಲರ್ಡ್ ಎಂದು ಬರೆದಿಟ್ಟ ಜನ ನಾವು. ಮೈಯೆಲ್ಲ ಉರಿಯಿತು. "ಯೋಚನೆ ಮಾಡ್ತೀನಿ" ಅಂದು ಮಾಮನನ್ನು ಕಳಿಸಿದೆ. ಯೋಚನೆ ಮಾಡಲು ಏನೂ ಇರಲಿಲ್ಲ.

ಆ ಭಾನುವಾರ ಇಘ್ಸಾನ್ ಎಂದಿನಂತೆ ಪಾಕದಲ್ಲಿ ಅದ್ದಿ ಕೊಬ್ಬರಿ ತುರಿ ಉದುರಿಸಿದ ಬಿಸಿ ಕುಕ್‌ಸಿಸ್ಟರ್ ಅನ್ನುವ ಸಿಹಿತಿಂಡಿ ಕಟ್ಟಿಸಿಕೊಂಡು ಬಂದ. ಅಮ್ಮ ಒಂದು ಕೈಗೆತ್ತಿಕೊಂಡಳು. ಅವನಿಗೆ ವಿಷಯ ಗೊತ್ತಾಗಿತ್ತು. ಪೇಟೆಯಲ್ಲಿ ವ್ಯಾಪಾರ ಮಾಡುವವನ ತಲೆ ಅವನದು, ಉಪಾಯ ಜೇಬಿನಲ್ಲೇ ಇತ್ತು.

"ವಾಲ್ಡಕ್ಕ, ಇದ್ರಲ್ಲಿ ತಲೆ ಕೆಡ್ಸ್ಕೊಳೋದೇನಿದೆ? ಗೊತ್ತಿರೋದು ಮಾಮನಿಗೆ, ನಿಂಗೆ, ನಂಗೆ. ಸುಮ್ನೆ ಹಮೋರಿಯೈ ಅನ್ನು. ನೋಡೋಕೂ ಹಂಗೇ ಅವೆ. ಮಾಮನ ಕಾಲು ನಾನು ಹಿಡಿತೀನಿ, ಬಾಯಿ ಬಿಡಲ್ಲ ಅವರು. ಮರಿನೂ ಉಳೀತು, ನಿನ್ ಮಾನಾನೂ ಉಳೀತು."

ಸುಳ್ಳು ಹೇಳಬಾರದು ಅಂತೇನೂ ಅನ್ನಿಸಲಿಲ್ಲ ನೋಡಿ. ಒಂದು ಕ್ಷಣ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದು ಹೆಸರಿನಿಂದ ಅವೆಲ್ಲ ಬದುಕುವುದಾದರೆ ಆ ಹೆಸರೇ ಇರಲಿ ಅಂದುಕೊಂಡೆ. ಆಗ ಅಮ್ಮ ತಿಂಡಿಯನ್ನು ತಟ್ಟೆಗೆ ವಾಪಸ್ ಇಟ್ಟಳು. ಮಂದ ಕಿವಿಗೆ ಬೇಕಾದದ್ದು ಮಾತ್ರ ಹೇಗೆ ಕೇಳಿಸುತ್ತದೋ.

"ಡಾಲೀನೂ ಹಂಗೇ ಮಾಡಿದ್ದು," ಅಂದಳು.

ಡಾಲಿ ಅಮ್ಮನ ಅಕ್ಕ. ನಾನು ಅವಳನ್ನು ನೋಡಿದ್ದಿಲ್ಲ. ಮನೆಯಲ್ಲಿ ಅವಳ ಒಂದು ಫೋಟೋ ಇದೆ, ಮಾತಿಲ್ಲ.

"ಬಣ್ಣ ನೋಡಿ ಜನಾನ ವಿಂಗಡಿಸ್ತಿದ್ದ ಕಾಲ ಅದು. ಸರ್ಕಾರಿ ಕಚೇರಿಯವನು ಬಂದಿದ್ದ, ನಾವು ಬಿಳಿಯವ್ರೋ ಕಲರ್ಡೋ ಅಂತ ಬರ್ಕೊಳ್ಳೋಕೆ," ಅಮ್ಮ ಹೇಳಿದಳು. "ಇಬ್ರನ್ನೂ ಪಕ್ಕಪಕ್ಕ ಕೂರಿಸ್ದ. ಕೂದ್ಲಿಗೆ ಪೆನ್ಸಿಲ್ ಸಿಕ್ಕಿಸಿ ತಲೆ ಅಲ್ಲಾಡ್ಸು ಅಂದ. ಬಿದ್ರೆ ಬಿಳಿ, ನಿಂತ್ರೆ ಕಲರ್ಡ್. ಡಾಲಿದು ಜಾರಿ ಬಿತ್ತು. ನಂದು ನಿಂತ್ಕೊಂಡ್ತು. ಒಂದೇ ಹೊಟ್ಟೇಲಿ ಹುಟ್ಟಿದವ್ರು ನಾವು. ಅವಳು ಬಿಳಿಯವಳಾಗಿ ಬಿಳಿಯವ್ರ ಬಡಾವಣೆ ಗುಡ್‌ವುಡ್‌ಗೆ ಹೋದ್ಲು."

ಇಘ್ಸಾನ್ ತಿನ್ನುವುದನ್ನು ನಿಲ್ಲಿಸಿದ.

"ಆಮೇಲೊಂದಿನ ಅಡರ್ಲಿ ಬೀದೀಲಿ ಎದುರಿಗೇ ಬಂದ್ಲು. ಒಳ್ಳೆ ಕೋಟು ಹಾಕಿದ್ಲು, ಪಕ್ಕದಲ್ಲಿ ಗಂಡ ಇದ್ದ. ನಂಗೆ ತಡ್ಕೊಳಕ್ಕಾಗ್ಲಿಲ್ಲ, ಡಾಲೀ ಅಂತ ಕರ್ದೆ. ನಿಂತ್ಲು. ನನ್ನ ಹೆಸರು ಅದಲ್ಲ ಅಂದ್ಲು, ಹೋದ್ಲು." ಅಮ್ಮ ಬೆರಳಿಗೆ ಅಂಟಿದ ಪಾಕವನ್ನು ಕರವಸ್ತ್ರದಿಂದ ಒರೆಸಿಕೊಂಡಳು. "ಬದುಕಿದ್ಲು, ಇಲ್ಲ ಅನ್ನಲ್ಲ. ಚೆನ್ನಾಗೇ ಬದುಕಿದ್ಲು. ಆದ್ರೆ ನಂಗೆ ಅಕ್ಕ ಉಳೀಲಿಲ್ಲ."

ನನ್ನ ಅಂಗಡಿಯಲ್ಲಿ ಪೆನ್ಸಿಲ್ ಯಾಕಿಲ್ಲ ಎನ್ನುವುದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು. ನಾನು ಅತ್ತೆ. ಅಮ್ಮ ಅಳಲಿಲ್ಲ, ಕುಕ್‌ಸಿಸ್ಟರ್ ಮತ್ತೆ ಕೈಗೆತ್ತಿಕೊಂಡಳು.

"ಹಂಗಾದ್ರೆ ಏನ್ಮಾಡ್ತೀಯಕ್ಕ?" ಇಘ್ಸಾನ್ ಮೆಲ್ಲಗೆ ಕೇಳಿದ.

"ಫ್ರೀಜರೂ ಇಲ್ಲ, ಸುಳ್ಳೂ ಇಲ್ಲ."

"ಮಧ್ಯದಲ್ಲಿ ಏನಿದೆ?"

"ಅವುಗಳ ಹೆಸರಿದೆ."

ಹೆಸರಿತ್ತು. ಹೆನ್ನಿ ಮಾಮನೇ ನನಗೆ ಯಾವತ್ತೋ ಕಲಿಸಿದ್ದರು, ಆಮೇಲೆ ಬೇಕಾಗಿರಲಿಲ್ಲ. ಎರಡು ಬೆರೆತಾಗ ತಾಯಿಯ ಹೆಸರು ಮೊದಲು ಬರೆಯಬೇಕು, ನಡುವೆ ಗುಣಾಕಾರದ ಗುರುತು, ಆಮೇಲೆ ತಂದೆಯ ಹೆಸರು. ಆ ವಾರವಿಡೀ ಗಿರಾಕಿಗಳ ನಡುವೆ ಬಿಡುವಾದಾಗಲೆಲ್ಲ ಒಂದೊಂದೇ ಬಟ್ಟಲು ಎತ್ತಿ ಬರೆದೆ. ಪೆನ್ನಿನಲ್ಲಿ ಬರೆದೆ. ಮಿಸೆಸ್ ಜಾಫ್ತಾ ಕೂಡ ಕೂದಲಿಗೆ ಬಣ್ಣ ಹಿಡಿಯುವವರೆಗೆ ಕೂತು ಒಂದಷ್ಟು ಬರೆದುಕೊಟ್ಟರು, ಬಟ್ಟಲನ್ನು ಮಾತ್ರ ಮುಟ್ಟಲಿಲ್ಲ. ಬರೆದಾದ ಮೇಲೆ ಮರಿಗಳನ್ನು ಸರಿಯಾಗಿ ಎರಡು ಪಾಲು ಮಾಡಿದೆ. ಒಂದು ನನ್ನದು, ಒಂದು ಗಂಡಿನವರದು.

ಹಬ್ಬಕ್ಕೆ ಹಿಂದಿನ ದಿನ ಮಾಮನಿಗೆ ಫೋನ್ ಮಾಡಿದೆ. "ಮರಿಗಳನ್ನ ತರ್ತಿದ್ದೀನಿ."

"ತಂದ್ರೆ ನಿಂಗೆ ಮೇಜಿಲ್ಲ ವಾಲ್ಡಾ. ಬಳಗದಲ್ಲಿ ಜಾಗಾನೂ ಇರಲ್ಲ. ನನ್ನ ಕೈಲಿ ಇದನ್ನ ಮಾಡಿಸ್ಬೇಡ."

"ಮೇಜು ನಾನೇ ತರ್ತೀನಿ ಮಾಮ."

ಕಡ್ಡಿ ಮುರಿದಂತೆ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ಬಳಗ ಬಿಟ್ಟರೆ ನನಗೆ ಶನಿವಾರಗಳೇ ಇರಲಿಲ್ಲ.

ಬಳಗದ ಹಬ್ಬ ನಡೆಯುವ ಬೆಲ್‌ವಿಲ್‌ನ ಚರ್ಚ್ ಹಾಲಿನಲ್ಲಿ ಎಲ್ಲರ ಮೇಜಿಗೂ ಹಸಿರು ಬಟ್ಟೆ ಹಾಸಿತ್ತು. ನಾನು ಇಘ್ಸಾನ್‌ನ ವ್ಯಾನಿನಿಂದ ನನ್ನ ಇ‌ಸ್ತ್ರಿ ಹಲಗೆ ಇಳಿಸಿ ಹಾಲಿನ ನಟ್ಟನಡುವೆ ಕಾಲು ಬಿಡಿಸಿ ನಿಲ್ಲಿಸಿದೆ. ಅದರ ಪಕ್ಕ ಮಡಚುವ ಕುರ್ಚಿ ಹಾಕಿ, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದ ಅಮ್ಮನನ್ನು ಕೂರಿಸಿದೆ. ಜೇಡದ ಪೆಟ್ಟಿಗೆಗಳು ನೆಲದ ಮೇಲೆ, ಮರಿಗಳ ಎರಡು ಟ್ರೇ ಹಲಗೆಯ ಮೇಲೆ. ಕೆಲವರು ನಕ್ಕರು. ಮುಂಗಡ ಹೇಳಿಟ್ಟಿದ್ದವರು ಮುಖ ತಿರುಗಿಸಿದರು. ಮುಖ ತಿರುಗಿಸುವವರನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

ಹೆಸರು ಹೇಳುವ ಸುತ್ತು ಶುರುವಾಯಿತು. ಹೆನ್ನಿ ಮಾಮ ಒಂದೊಂದೇ ಮೇಜಿನ ಮುಂದೆ ನಿಂತು ಕೇಳಿಸಿಕೊಳ್ಳುತ್ತಾ ಬಂದರು. ತಮ್ಮ ತಪ್ಪನ್ನು ಮೊದಲೇ ಎದ್ದು ನಿಂತು ಎಲ್ಲರ ಮುಂದೆ ಒಪ್ಪಿಕೊಂಡಿದ್ದರು, ಮಾತಿನ ಮನುಷ್ಯ. ನನ್ನ ಹಲಗೆಯ ಹತ್ತಿರ ಬಂದಾಗ ನಿಲ್ಲದೆ ಮುಂದೆ ಹೆಜ್ಜೆ ಹಾಕಿದರು.

ನಾನು ಅವರ ಬೆನ್ನಿಗೇ ಹೇಳಲು ಶುರು ಮಾಡಿದೆ. ಸಲೂನಿನಲ್ಲಿ ಮೂರು ಡ್ರೈಯರ್ ಓಡುವಾಗಲೂ ಕೇಳಿಸುವ ಗಂಟಲು ನನ್ನದು. "ಟ್ಲಿಲ್ಟೋಕಾಟ್ಲ್ ಆಲ್ಬೊಪಿಲೋಸಸ್. ಗ್ರಾಮೊಸ್ಟೋಲಾ ಪುಲ್ಕ್ರಾ. ಕ್ಯಾರಿಬೆನಾ ವರ್ಸಿಕಲರ್. ಪೊಸಿಲೊಥೀರಿಯಾ ಮೆಟಾಲಿಕಾ." ಬೆರಳುಗಳು ಗಾಳಿಯಲ್ಲೇ ತಲೆ ಉಜ್ಜುತ್ತಿದ್ದವು. ಒಂದೂ ತಪ್ಪಲಿಲ್ಲ. "ಬ್ರಾಕಿಪೆಲ್ಮಾ ಹಮೋರಿಯೈ, ತಾಯಿ." ಉಸಿರು ತೆಗೆದುಕೊಂಡೆ. "ಇವು ಅವಳ ಮಕ್ಕಳು. ಬ್ರಾಕಿಪೆಲ್ಮಾ ಹಮೋರಿಯೈ ಗುಣಿಸು ಬ್ರಾಕಿಪೆಲ್ಮಾ ಸ್ಮಿತಿಯೈ."

ಮಾಮ ತಿರುಗಿದರು.

"ಇವನ್ನ ಮಾರಲ್ಲ," ಅಂದೆ. "ಹಂಚಲ್ಲ. ಮರಿ ಮಾಡ್ಸಲ್ಲ. ನನ್ನ ಮನೇಲಿ ಹುಟ್ಟಿದ್ವು, ನನ್ನ ಮನೇಲೇ ಮುದಿಯಾಗ್ತವೆ. ಬಳಗದ ನಿಯಮಾನ ನಾನು ಮುರೀತಿಲ್ಲ. ಹೆಸರು ಬರದೇ ಇರೋನು ಸಾಕಬಾರ್ದು ಅಂದ್ರಿ, ನಂಗೆ ಇವುಗಳ ಹೆಸರು ಬರುತ್ತೆ." ಒಂದು ಟ್ರೇಯನ್ನು ಅವರ ಕಡೆ ತಳ್ಳಿದೆ. "ಇದು ನಿಮ್ಮ ಪಾಲು. ಅರ್ಧಕ್ಕರ್ಧ ಅಂತ ಮಾತು. ಫ್ರೀಜರ್‌ಗೆ ಹಾಕೋದಾದ್ರೆ ನಿಮ್ಮ ಫ್ರೀಜರ್‌ಗೆ, ನಿಮ್ಮ ಕೈಯಾರೆ ಹಾಕಿ. ಒಂದೊಂದ್ರ ಮೇಲೂ ಹೆಸರು ಬರ್ದಿದ್ದೀನಿ, ಓದ್ಕೊಂಡು ಹಾಕಿ."

ಮಾಮ ಟ್ರೇಯನ್ನೂ ನೋಡಿದರು, ನನ್ನನ್ನೂ ನೋಡಿದರು. ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಯಾರೋ ಹಾಲಿನ ಬಾಗಿಲು ತೆರೆದುಬಿಟ್ಟರು. ಊರ ಜನ ನುಗ್ಗಿದರು.

ಎಲ್ಲರೂ ಮೊದಲು ಬಂದದ್ದು ಇಸ್ತ್ರಿ ಹಲಗೆಯ ಹತ್ತಿರವೇ. ಜೇಡದ ಹಬ್ಬದಲ್ಲಿ ಇಸ್ತ್ರಿ ಹಲಗೆ ಯಾಕೆ ಅಂತ ಯಾರಿಗಾದರೂ ಕುತೂಹಲ ಇರುತ್ತದೆ. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಬಗ್ಗಿ ಬಟ್ಟಲೊಳಗೆ ನೋಡಿದಳು. "ಅಯ್ಯೋ, ಎಷ್ಟು ಪುಟಾಣಿ!" ಅಂದಳು. ಮಾಮನ ಎದೆಯ ಮೇಲೆ ಅಧ್ಯಕ್ಷರ ಬಿಲ್ಲೆ ಇತ್ತು, ಅವರನ್ನೇ ಕೇಳಿದಳು. "ಸಾರ್, ಇವು ಯಾವ ಜೇಡ? ಏನಂತಾರೆ ಇವಕ್ಕೆ?"

ಬಳಗವೆಲ್ಲ ಕಿವಿ ನಿಮಿರಿಸಿತು. ಹಮೋರಿಯೈ ಅಂದರೆ ಸುಳ್ಳು. ಮಾಮ ಸತ್ತರೂ ಆ ಸುಳ್ಳು ಹೇಳುವವರಲ್ಲ. ಇದ್ದದ್ದನ್ನು ಹೇಳಿದರೆ ಅವಕ್ಕೆ ಹೆಸರಿದೆ ಅಂತ ಒಪ್ಪಿದ ಹಾಗೆ.

"ಅದು..." ಅಂದರು. "ಅದು ಕೆಂಪು ಮಂಡಿ."

ಇಘ್ಸಾನ್ ಪಕ್ಕದ ಮೇಜನ್ನು ಗುದ್ದಿದ. "ಟೀ!"

ಯಾರೋ ಕಿಸಕ್ಕೆಂದರು. ಇನ್ನೊಬ್ಬರು ನಕ್ಕರು. ಆಮೇಲೆ ಹಾಲಿನ ತುಂಬ ನಗು. ತರಕಾರಿ ಚೀಲದ ಹೆಂಗಸು ತಾನೇನು ತಪ್ಪು ಕೇಳಿದೆ ಅಂತ ಗಾಬರಿಯಾಗಿ ನೋಡುತ್ತಿದ್ದಳು. ನಾನು ನಗಲಿಲ್ಲ.

"ಕಾನೂನು ನಿಮ್ದೇ ಮಾಮ," ಅಂದೆ. "ಅಮ್ಮನಿಗೆ ಸಕ್ಕರೆ ಎರಡು ಚಮಚ."

ಹೆನ್ನಿ ಮಾಮ ಅಡುಗೆಮನೆಗೆ ಹೋದರು. ಹೋದವರು ಎಷ್ಟೋ ಹೊತ್ತು ಬರಲಿಲ್ಲ. ಹಿಂದಿನ ಬಾಗಿಲಿನಿಂದ ಮನೆಗೇ ಹೊರಟುಹೋದರೇನೋ ಅಂದುಕೊಂಡೆ. ಹೋಗಿದ್ದರೆ ನನಗೆ ಸಂಕಟವಾಗುತ್ತಿತ್ತು, ಯಾಕೆಂದರೆ ನನಗೆ ಹೆಸರು ಕಲಿಸಿದವರು ಅವರು. ಕಡೆಗೆ ದೊಡ್ಡ ಟ್ರೇಯ ತುಂಬ ಲೋಟಗಳನ್ನು ಇಟ್ಟುಕೊಂಡು, ಚೆಲ್ಲದ ಹಾಗೆ ಕಾಲೆಳೆದುಕೊಂಡು ಬಂದರು. ಟೀಗೆ ನೀರು ಹೆಚ್ಚಾಗಿತ್ತು, ನೋಡಿದರೇ ಗೊತ್ತಾಗುತ್ತಿತ್ತು. ಮೊದಲ ಲೋಟವನ್ನು ಅಮ್ಮನಿಗೆ ಕೊಟ್ಟರು. ಎರಡನೆಯದು ನನಗೆ. ಕೊಟ್ಟವರು ಅಲ್ಲೇ ನಿಂತರು. ತಮ್ಮ ಪಾಲಿನ ಬಟ್ಟಲೊಂದನ್ನು ಎತ್ತಿ, ಬೀಗದ ಕಣ್ಣಿನೊಳಗೆ ನೋಡುವವರಂತೆ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು.

"ಇವಕ್ಕೆ ಏನ್ ಹಾಕ್ತಿದ್ದೀಯ?" ಅಂತ ಕೇಳಿದರು.

ನನಗೆ ಕಣ್ಣು ತುಂಬಿ ಬಂತು. ಆದರೂ ಬಿಟ್ಟುಕೊಡಲಿಲ್ಲ. "ಮೊದ್ಲು ಹೆಸರು ಹೇಳಿ. ಆಮೇಲೆ ಹೇಳ್ತೀನಿ."

ಅವರು ತುಟಿಯಲ್ಲೇ ಏನೋ ಅಂದರು.

"ಜೋರಾಗಿ ಮಾಮ. ಅಮ್ಮನಿಗೆ ಕಿವಿ ಮಂದ."

ಅಮ್ಮ ಟೀ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು. ಹೆನ್ನಿ ಮಾಮ ಬಟ್ಟಲನ್ನು ಹಲಗೆಯ ಮೇಲಿಟ್ಟರು, ಟೋಪಿ ತೆಗೆದರು, ಅವಳ ಕಡೆ ಬಗ್ಗಿ ಹಾಲಿಗೆಲ್ಲ ಕೇಳುವ ಹಾಗೆ ಹೇಳಿದರು.

"ಬ್ರಾಕಿಪೆಲ್ಮಾ ಹಮೋರಿಯೈ ಗುಣಿಸು ಬ್ರಾಕಿಪೆಲ್ಮಾ ಸ್ಮಿತಿಯೈ."

"ಹ್ಞಾಂ," ಅಂದಳು ಅಮ್ಮ. "ಕೇಳಿಸ್ತು."

"ಹಣ್ಣಿನ ನೊಣ ಹಾಕ್ತೀನಿ ಮಾಮ," ಅಂದೆ. "ವಾರಕ್ಕೆ ಎರಡು ಸಲ."